ಮಾಸ್ಟರ್ಸ್ ಓದುವವರಿಗೆ ಕೋ-ಆಪ್: ಮೊದಲ ವಾರದಿಂದ ಕೊನೆಯ ದಿನದವರೆಗೆ

ಮಾಸ್ಟರ್ಸ್‌ಗೆ ಸೇರಿದ ಹೊಸತರಲ್ಲಿ ತಲೆ ತುಂಬ ಇರುವುದು ಕ್ಲಾಸು, ಅಸೈನ್‌ಮೆಂಟು, ಇರಲು ಒಂದು ರೂಮು. ಕೋ-ಆಪ್, ಅಂದರೆ ಓದಿನ ಭಾಗವಾಗಿಯೇ ಕಂಪನಿಯಲ್ಲಿ ಮಾಡುವ ಸಂಬಳದ ಕೆಲಸ, ಅದರ ವಿಷಯ ಬಂದರೆ "ಮುಂದೆ ನೋಡೋಣ" ಅಂತ ಪಕ್ಕಕ್ಕಿಡುತ್ತೇವೆ. ನಾನೂ ಹಾಗೇ ಮಾಡಿದೆ. ಎಂಟನೇ ವಾರದಲ್ಲಿ ಕೋ-ಆಪ್ ಪೋರ್ಟಲ್ (ಕಾಲೇಜು ಈ ಕೆಲಸಗಳ ಪಟ್ಟಿ ಹಾಕುವ ವೆಬ್‌ಸೈಟ್) ತೆರೆದು ನೋಡಿದಾಗ ನನಗೆ ಬೇಕಾಗಿದ್ದ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಲೇ ಮುಚ್ಚಿಹೋಗಿದ್ದವು. ಆ ದಿನದ ಹೊಟ್ಟೆಯ ಸಂಕಟ ನನಗೆ ಇನ್ನೂ ನೆನಪಿದೆ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕೋ-ಆಪ್ ಎಂಬುದು ಕೋ-ಆಪರೇಟಿವ್ ಎಂಬುದರ ಚಿಕ್ಕ ರೂಪ, ಅದನ್ನು ಕೇಳಿದರೆ ನಮಗೆ ಸಹಕಾರಿ ಸಂಘ ನೆನಪಾಗುತ್ತದೆ. ಇಲ್ಲಿ ಅದಲ್ಲ. ಕಾಲೇಜು ಮತ್ತು ಕಂಪನಿ ಸೇರಿಕೊಂಡು ವಿದ್ಯಾರ್ಥಿಗೆ ಪಾಠ ಕಲಿಸುವ ವ್ಯವಸ್ಥೆ ಇದು. ಕೆಲವು ತಿಂಗಳು ಕ್ಲಾಸು, ಕೆಲವು ತಿಂಗಳು ಸಂಬಳದ ಕೆಲಸ, ಮತ್ತೆ ಕ್ಲಾಸು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರು 27 ವಿದ್ಯಾರ್ಥಿಗಳೊಂದಿಗೆ ಇದನ್ನು ಶುರುಮಾಡಿದರು. ಮೂರು ವರ್ಷದ ನಂತರ ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯ ಇದಕ್ಕೆ ಕೈಹಾಕಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಕೋ-ಆಪ್ ಇಂಜಿನಿಯರಿಂಗ್ ತರಗತಿಗಳೊಂದಿಗೆ.

ಮಾಮೂಲಿ ಇಂಟರ್ನ್‌ಶಿಪ್‌ಗೂ ಇದಕ್ಕೂ ಏನು ವ್ಯತ್ಯಾಸ? ಇಂಟರ್ನ್‌ಶಿಪ್ ಅನ್ನು ರಜೆಯಲ್ಲಿ ನೀವೇ ಹುಡುಕಿಕೊಂಡು ಮಾಡಬಹುದು, ಅದು ಡಿಗ್ರಿಯ ಲೆಕ್ಕಕ್ಕೆ ಬರಲೇಬೇಕೆಂದಿಲ್ಲ. ಕೋ-ಆಪ್ ಡಿಗ್ರಿಯ ಒಂದು ಭಾಗ. ಅದಕ್ಕೆ ಕೋರ್ಸ್ ನಂಬರ್ ಇರುತ್ತದೆ, ಅಂಕಪಟ್ಟಿಯಲ್ಲಿ ಪಾಸು-ಫೇಲು ಬರುತ್ತದೆ, ಕಾಲೇಜಿನವರು ಮಧ್ಯದಲ್ಲಿ ವಿಚಾರಿಸುತ್ತಾರೆ, ಕೊನೆಗೆ ವರದಿ ಕೇಳುತ್ತಾರೆ.

ಬಿ.ಇ. ಓದುವವರಿಗೂ ಮಾಸ್ಟರ್ಸ್ ಓದುವವರಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ವಾಟರ್‌ಲೂನಲ್ಲಿ ಇಂಜಿನಿಯರಿಂಗ್ ಪದವಿ ಓದುವ ಹುಡುಗ ಹುಡುಗಿಯರಿಗೆ ಐದಾರು ಕೆಲಸದ ಅವಧಿಗಳು ಸಿಗುತ್ತವೆ. ಮೊದಲನೆಯದು ಚೆನ್ನಾಗಿ ಆಗದಿದ್ದರೂ ಎರಡನೆಯದರಲ್ಲಿ ಸರಿಮಾಡಿಕೊಳ್ಳಬಹುದು. ಮಾಸ್ಟರ್ಸ್‌ನಲ್ಲಿ ಹೆಚ್ಚಾಗಿ ಒಂದೋ ಎರಡೋ, ಅಷ್ಟೇ. ಹಾಗಾಗಿ ಮಾಸ್ಟರ್ಸ್ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಉಳಿದೆಲ್ಲ ಹೆಜ್ಜೆಗಳೂ ಅದರ ಹಿಂದೆಯೇ ಬರುತ್ತವೆ.

ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಫೋನಿನಲ್ಲಿ ಬೇಡ, ಹಾಳೆಯಲ್ಲೇ. ಡಿಗ್ರಿ ಮುಗಿಯಬೇಕಾದ ತಿಂಗಳನ್ನು ಕೊನೆಯಲ್ಲಿ ಬರೆದು ಅಲ್ಲಿಂದ ಹಿಂದಕ್ಕೆ ಬನ್ನಿ.

ಮೊದಲು ನೋಡಬೇಕಾದದ್ದು ಕೊನೆಯ ಟರ್ಮ್ (ಸೆಮಿಸ್ಟರ್). ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕೋ-ಆಪ್ ಡಿಗ್ರಿ ಕ್ಲಾಸಿನ ಟರ್ಮ್‌ನಲ್ಲೇ ಮುಗಿಯಬೇಕು. ಅಂದರೆ ಕೊನೆಯ ಟರ್ಮ್ ಕೆಲಸಕ್ಕೆ ಹೋಗಿ ಹಾಗೇ ಪದವಿ ತೆಗೆದುಕೊಳ್ಳಲು ಆಗುವುದಿಲ್ಲ. ಇದು ಗೊತ್ತಿಲ್ಲದೆ "ಎಲ್ಲ ಕೋರ್ಸ್ ಮುಗಿಸಿ ಆರಾಮಾಗಿ ಕೋ-ಆಪ್ ಮಾಡ್ತೀನಿ" ಎಂದುಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. ಕೊನೆಗೆ ಒಂದು ಕೋರ್ಸಾದರೂ ಉಳಿಸಿಕೊಳ್ಳಬೇಕು.

ಆಮೇಲೆ ನಿಮಗೆ ಕಡ್ಡಾಯವಾದ ಕೋರ್ಸುಗಳು ಯಾವ ಟರ್ಮ್‌ನಲ್ಲಿ ನಡೆಯುತ್ತವೆ ನೋಡಿ. ಮಾಸ್ಟರ್ಸ್ ಕೋರ್ಸುಗಳಲ್ಲಿ ಹಲವು ವರ್ಷಕ್ಕೆ ಒಮ್ಮೆ ಮಾತ್ರ ಇರುತ್ತವೆ. ಅದೇ ಟರ್ಮ್‌ಗೆ ನೀವು ಕೆಲಸಕ್ಕೆ ಹೋದರೆ ಆ ಒಂದು ಕೋರ್ಸಿಗಾಗಿ ಮತ್ತೊಂದು ವರ್ಷ ಕಾಯಬೇಕಾಗಬಹುದು. ವಿಭಾಗದ ಆಫೀಸಿಗೆ ಹೋಗಿ ಮುಂದಿನ ವರ್ಷದ ಕೋರ್ಸು ಪಟ್ಟಿಯ ಕರಡು ಇದೆಯಾ ಅಂತ ಕೇಳಿ. ಸಾಮಾನ್ಯವಾಗಿ ಇರುತ್ತದೆ, ಕೇಳಿದವರಿಗೆ ತೋರಿಸುತ್ತಾರೆ.

ಅವಧಿ ಎಷ್ಟು? ಕೆನಡಾದಲ್ಲಿ ಕೋ-ಆಪ್ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವ ಸೀವಿಲ್ ಎಂಬ ಸಂಸ್ಥೆಯ ಅಳತೆಯಲ್ಲಿ ಒಂದು ಕೆಲಸದ ಅವಧಿ ಎಂದರೆ ಕನಿಷ್ಠ 12 ವಾರ ಅಥವಾ 420 ಗಂಟೆಯ ಪೂರ್ಣಾವಧಿ ಕೆಲಸ. ಎರಡು ವರ್ಷ ಅಥವಾ ಅದಕ್ಕಿಂತ ಚಿಕ್ಕ ಕೋರ್ಸಾದರೆ ಓದಿನ ಸಮಯದ 25 ಶೇಕಡದಷ್ಟಾದರೂ ಕೆಲಸ ಇರಬೇಕು. ಹದಿನಾರು ತಿಂಗಳು ಕ್ಲಾಸು ಇದ್ದರೆ ನಾಲ್ಕು ತಿಂಗಳು ಕೆಲಸ ಎಂದು ಲೆಕ್ಕ. ಕೆನಡಾದಲ್ಲಿ ಸಾಮಾನ್ಯವಾಗಿ ನಾಲ್ಕು ತಿಂಗಳ ಅವಧಿ, ನಾರ್ತ್‌ಈಸ್ಟರ್ನ್ ತರಹದ ಕಡೆ ಆರು ತಿಂಗಳು ಜಾಸ್ತಿ ಬಳಕೆಯಲ್ಲಿದೆ. ಎರಡು ಅವಧಿಯನ್ನು ಸೇರಿಸಿ ಎಂಟು ತಿಂಗಳು ಒಂದೇ ಕಡೆ ಮಾಡಲು ಬಿಟ್ಟರೆ ನನ್ನ ಮಟ್ಟಿಗೆ ಅದೇ ಮೇಲು. ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ದಾರಿ ತಿಳಿದುಕೊಳ್ಳುವುದರಲ್ಲೇ ಹೋಗುತ್ತದೆ. ಕೊನೆಯ ಎರಡು ವಾರ ಬರೆದಿಡುವುದು, ಒಪ್ಪಿಸುವುದು. ಮಧ್ಯೆ ಉಳಿಯುವುದು ಹತ್ತು ವಾರ.

ಕೆಲಸ ಶುರುವಾಗುವ ತಿಂಗಳಿಂದ ಹಿಂದಕ್ಕೆ ಎಣಿಸಿದರೆ ಹುಡುಕಾಟಕ್ಕೆ ಒಂದು ಪೂರ್ತಿ ಟರ್ಮ್ ಬೇಕು. ಅಂದರೆ ಆ ಟರ್ಮ್‌ನಲ್ಲಿ ಕೋ-ಆಪ್ ಹುಡುಕುವುದೇ ಒಂದು ಕೋರ್ಸು ಎಂದುಕೊಂಡು ಉಳಿದ ಕೋರ್ಸುಗಳನ್ನು ಆಯ್ದುಕೊಳ್ಳಿ. ಅತಿ ಕಷ್ಟದ ಎರಡು ಕೋರ್ಸುಗಳನ್ನು ಅದೇ ಟರ್ಮ್‌ಗೆ ಹಾಕಿಕೊಳ್ಳಬೇಡಿ.

ಯಾರನ್ನು ಕೇಳಬೇಕು, ಏನು ಕೇಳಬೇಕು

ಎರಡು ಜನರ ಹತ್ತಿರ ಮೊದಲ ತಿಂಗಳಲ್ಲೇ ಮಾತಾಡಿ. ಒಬ್ಬರು ಕಾಲೇಜಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಕೋ-ಆಪ್ ಕೋಆರ್ಡಿನೇಟರ್, ಇನ್ನೊಬ್ಬರು ನಿಮ್ಮ ಗೈಡ್.

ಕೋಆರ್ಡಿನೇಟರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಸರಳ. ಕನಿಷ್ಠ ಎಷ್ಟು ಗ್ರೇಡ್ ಬೇಕು? ಎಷ್ಟು ಕ್ರೆಡಿಟ್ ಮುಗಿದ ಮೇಲೆ ಅರ್ಜಿ ಹಾಕಬಹುದು? ಕೋ-ಆಪ್ ಫೀ ಎಷ್ಟು, ಕೆಲಸ ಸಿಗದಿದ್ದರೂ ಅದನ್ನು ಕಟ್ಟಬೇಕಾ? ಕೆಲಸದ ಟರ್ಮ್‌ನಲ್ಲಿ ನನ್ನನ್ನು ಪೂರ್ಣಾವಧಿ ವಿದ್ಯಾರ್ಥಿ ಎಂದು ಲೆಕ್ಕ ಹಿಡಿಯುತ್ತೀರಾ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸ್ಕಾಲರ್‌ಶಿಪ್, ಆರೋಗ್ಯ ವಿಮೆ, ಸಾಲದ ಕಂತು, ವೀಸಾ ಎಲ್ಲವೂ ಅದರ ಮೇಲೆ ನಿಂತಿರುತ್ತವೆ.

ಗೈಡ್ ಹತ್ತಿರದ ಮಾತು ಸ್ವಲ್ಪ ಸೂಕ್ಷ್ಮ. ಥೀಸಿಸ್ ಬರೆಯುವ ವಿದ್ಯಾರ್ಥಿ ನಾಲ್ಕು ತಿಂಗಳು ಲ್ಯಾಬ್ ಬಿಟ್ಟುಹೋದರೆ ಅವರ ಕೆಲಸವೂ ನಿಲ್ಲುತ್ತದೆ. ಅವರು ಕೊಡುವ ಸ್ಟೈಪೆಂಡ್ ಆ ಟರ್ಮ್‌ಗೆ ನಿಲ್ಲಬಹುದು, ಟಿ.ಎ. ಕೆಲಸ (ಕ್ಲಾಸುಗಳಲ್ಲಿ ಅಧ್ಯಾಪಕರಿಗೆ ಸಹಾಯ ಮಾಡುವ ಕೆಲಸ) ಬೇರೆಯವರಿಗೆ ಹೋಗಬಹುದು. ಹಾಗಾಗಿ ಅನುಮತಿ ಕೇಳುವ ಮೊದಲೇ ಒಂದು ಯೋಜನೆ ಕೈಯಲ್ಲಿರಲಿ. "ಸರ್, ಮೇ ತಿಂಗಳಿಂದ ಕೋ-ಆಪ್‌ಗೆ ಹೋಗಬೇಕು ಅಂತಿದ್ದೇನೆ. ಏಪ್ರಿಲ್ ಒಳಗೆ ಪ್ರಯೋಗದ ಮೊದಲ ಭಾಗ ಮುಗಿಸಿ ಆ ಅಧ್ಯಾಯದ ಕರಡು ಕೊಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಎರಡನೇ ಭಾಗ ಹಿಡಿಯುತ್ತೇನೆ." ಹೀಗೆ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಕೆಲಸ ಸಿಕ್ಕಿದ ಮೇಲೆ ಹೋಗಿ ಹೇಳಿದರೆ ಅದೇ ಮನುಷ್ಯರಿಗೆ ಬೇಸರವಾಗುತ್ತದೆ. ಅವರ ಜಾಗದಲ್ಲಿ ನಾವಿದ್ದರೂ ಹಾಗೇ ಆಗುತ್ತಿತ್ತು, ಅಲ್ವಾ?

ಹೊರದೇಶದಲ್ಲಿ ಓದುತ್ತಿದ್ದರೆ ಕಾಗದಪತ್ರ

ಇಲ್ಲಿ ತಪ್ಪಾದರೆ ಸರಿಮಾಡುವುದು ಕಷ್ಟ, ಅದಕ್ಕೆ ನಿಧಾನವಾಗಿ ಓದಿ.

ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಕೋ-ಆಪ್ ಸಾಮಾನ್ಯವಾಗಿ ಸಿ.ಪಿ.ಟಿ., ಅಂದರೆ ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿಯ ಅಡಿಯಲ್ಲಿ ಬರುತ್ತದೆ. ಅದನ್ನು ಕೊಡುವುದು ನಿಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸು, ನೀವು ಅಲ್ಲಿನ ವಿದ್ಯಾರ್ಥಿ ಎಂದು ಕಾಲೇಜು ಕೊಡುವ ಐ-20 ಪತ್ರದ ಮೇಲೆ. ಅದರಲ್ಲಿ ಕಂಪನಿಯ ಹೆಸರು, ಶುರುವಿನ ದಿನ, ಮುಗಿಯುವ ದಿನ ಬರೆದಿರುತ್ತದೆ. ಆ ಕಂಪನಿಗೆ, ಆ ದಿನಗಳಿಗೆ ಮಾತ್ರ ಅದು ಅನ್ವಯ. ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿದ ಮೇಲಷ್ಟೇ ಇದು ಸಿಗುತ್ತದೆ. ಶುರುವಿನಲ್ಲೇ ಕೆಲಸ ಮಾಡಲೇಬೇಕು ಎಂದು ಕಡ್ಡಾಯವಿರುವ ಮಾಸ್ಟರ್ಸ್ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಇನ್ನೊಂದು ಸಂಗತಿ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ: ಪೂರ್ಣಾವಧಿ ಸಿ.ಪಿ.ಟಿ. 12 ತಿಂಗಳು ಮುಟ್ಟಿದರೆ ಆ ಡಿಗ್ರಿಯ ಮಟ್ಟಕ್ಕೆ ಸಿಗಬೇಕಾದ ಒ.ಪಿ.ಟಿ., ಅಂದರೆ ಹೆಚ್ಚಾಗಿ ಓದು ಮುಗಿದ ಮೇಲೆ ಬಳಸುವ ಕೆಲಸದ ಅನುಮತಿ, ಹೋಗುತ್ತದೆ. ಎಂಟು ತಿಂಗಳ ಕೋ-ಆಪ್ ಮಾಡಿದವರು ಮತ್ತೆ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಹಿಡಿಯುವ ಮುಂಚೆ ದಿನಗಳನ್ನು ಕೂಡಿಸಿ ನೋಡಬೇಕು.

ಕೆನಡಾದ ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಸೀನಿಯರ್‌ಗಳ ಮಾತಿನ ಮೇಲೆ ನಡೆಯಬೇಡಿ. ಅವರು ಬಂದ ವರ್ಷದ ನಿಯಮ ಅವರಿಗೆ ಗೊತ್ತಿರುತ್ತದೆ, ನಿಮ್ಮ ವರ್ಷದ್ದಲ್ಲ. ಇಮಿಗ್ರೇಷನ್ ಇಲಾಖೆಯ ಪುಟವನ್ನೇ ನೋಡಿ, ಕಾಲೇಜಿನ ಆಫೀಸಿನಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಸಂಬಳಕ್ಕೆ ಅಲ್ಲಿ ಸೋಷಿಯಲ್ ಇನ್ಶೂರೆನ್ಸ್ ನಂಬರ್ ಬೇಕು, ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್.

ನನಗೆ ಆದದ್ದು ಹೇಳುತ್ತೇನೆ. ಆಫರ್ ಪತ್ರ ಬಂದ ಖುಷಿಯಲ್ಲಿ ಸಂಬಳದ ಸಾಲು ಮಾತ್ರ ಓದಿದೆ. ಅದರಲ್ಲಿ ಶುರುವಿನ ದಿನ ಒಂದು ಸೋಮವಾರ ಅಂತಿತ್ತು. ಅನುಮತಿ ಪತ್ರದಲ್ಲಿ ಅದರ ಮುಂದಿನ ಸೋಮವಾರ. ಕಂಪನಿಯವರು ಹೊಸ ಪತ್ರ ಕೊಡಲು ಆರು ದಿನ ತೆಗೆದುಕೊಂಡರು. ಆ ಆರು ದಿನ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಎರಡು ಕಾಗದವನ್ನು ಪಕ್ಕಪಕ್ಕದಲ್ಲಿಟ್ಟು ಹೆಸರಿನ ಅಕ್ಷರ, ದಿನಾಂಕ, ವಾರಕ್ಕೆ ಗಂಟೆ, ಕೆಲಸದ ವಿಳಾಸ ಒಂದೊಂದಾಗಿ ಬೆರಳಿಟ್ಟು ಓದಿ. ಐದು ನಿಮಿಷದ ಕೆಲಸ.

ರೆಸ್ಯುಮೆಯಲ್ಲಿ ಒಂದೇ ಒಂದು ಸಾಲು

ರೆಸ್ಯುಮೆ ಬರೆಯುವುದು ಹೇಗೆ ಅಂತ ಹೇಳುವ ಪುಟಗಳು ಎಷ್ಟೋ ಇವೆ. ನಾನು ಒಂದು ಸಾಲನ್ನು ಮಾತ್ರ ತೋರಿಸುತ್ತೇನೆ, ಏಕೆಂದರೆ ಮಾಸ್ಟರ್ಸ್ ವಿದ್ಯಾರ್ಥಿಗಳು ಎಡವುವುದು ಅಲ್ಲೇ.

ಮೊದಲು ಹೀಗಿತ್ತು: "ಪೈಥಾನ್ ಬಳಸಿ ಬಸ್ ಸಂಚಾರದ ಡೇಟಾ ವಿಶ್ಲೇಷಣೆ ಪ್ರಾಜೆಕ್ಟ್ ಮಾಡಿದ್ದೇನೆ." ಆ ಕ್ಲಾಸಿನ ನಲವತ್ತು ಜನರ ರೆಸ್ಯುಮೆಯಲ್ಲೂ ಇದೇ ಸಾಲು ಇರುತ್ತದೆ. ಇದನ್ನು ಬರೆದ ಹುಡುಗಿಯ ಜೊತೆ ಕೂತು ಅರ್ಧ ಗಂಟೆ ಮಾತಾಡಿದೆ. ಏನು ಮಾಡಿದಿರಿ? ಏಕೆ? ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಕೊನೆಗೆ ಸಾಲು ಹೀಗಾಯಿತು: "ಎರಡು ವರ್ಷದ ಬಸ್ ದಾಖಲೆಯಿಂದ ತಡ ಯಾವ ನಿಲ್ದಾಣದಲ್ಲಿ ಶುರುವಾಗುತ್ತದೆ ಎಂದು ಗುರುತಿಸಿದೆ. ಮಳೆಯ ದಿನಗಳ ದಾಖಲೆ ಅರ್ಧ ಕಾಣೆಯಾಗಿದ್ದರಿಂದ, ಅವನ್ನು ಬಿಟ್ಟರೆ ಉತ್ತರ ಎಷ್ಟು ಬದಲಾಗುತ್ತದೆ ಎಂದೂ ಪರೀಕ್ಷಿಸಿದೆ."

ಎರಡನೇ ವಾಕ್ಯವೇ ಮುಖ್ಯ. ಕಂಪನಿಯವರು ಮಾಸ್ಟರ್ಸ್ ವಿದ್ಯಾರ್ಥಿಯನ್ನು ಕರೆಯುವುದು ಸಾಫ್ಟ್‌ವೇರ್ ಓಡಿಸಲು ಬರುತ್ತದೆ ಎಂಬ ಕಾರಣಕ್ಕಲ್ಲ, ಅದು ಪದವಿ ಓದುವವರಿಗೂ ಬರುತ್ತದೆ. ತಪ್ಪು ಎಲ್ಲಿ ನುಸುಳಬಹುದು ಎಂದು ಯೋಚಿಸುವ ತಲೆ ಬೇಕು ಅವರಿಗೆ. ನಿಮ್ಮ ಪ್ರತಿ ಪ್ರಾಜೆಕ್ಟಿನಲ್ಲೂ ಅಂಥ ಒಂದು ಜಾಗ ಇದ್ದೇ ಇರುತ್ತದೆ. ಹುಡುಕಿ ಬರೆಯಿರಿ.

ಕಾಲೇಜಿನ ಪೋರ್ಟಲ್ ಒಂದನ್ನೇ ನಂಬಿಕೊಂಡು ಕೂರಬೇಡಿ. ಅಲ್ಲಿ ಬರುವ ಕೆಲಸಗಳಲ್ಲಿ ಹೆಚ್ಚಿನವು ಪದವಿ ವಿದ್ಯಾರ್ಥಿಗಳಿಗೆಂದು ಬರೆದವು. ನಿಮ್ಮ ವಿಷಯಕ್ಕೆ ಹತ್ತಿರದ ಕೆಲಸ ಸಣ್ಣ ಕಂಪನಿಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಇರಬಹುದು, ಅವರು ಪೋರ್ಟಲ್‌ಗೆ ಬಂದಿರುವುದೇ ಇಲ್ಲ. ನೀವೇ ಹುಡುಕಿದ ಕೆಲಸಕ್ಕೂ ಕೋ-ಆಪ್ ಮಾನ್ಯತೆ ಸಿಗುತ್ತದೆ, ಆದರೆ ಶುರುವಾಗುವ ಮುಂಚೆ ಕೋಆರ್ಡಿನೇಟರ್ ಒಪ್ಪಬೇಕು. ಕೆಲಸ ಮಾಡಿ ಮುಗಿಸಿ ಆಮೇಲೆ ಇದನ್ನು ಸೇರಿಸಿ ಎಂದರೆ ಸಾಮಾನ್ಯವಾಗಿ ಸೇರಿಸುವುದಿಲ್ಲ.

ಇಂಟರ್ವ್ಯೂ, ಆಮೇಲೆ ಒಪ್ಪಿಗೆ

ಇಂಟರ್ವ್ಯೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಪ್ರಶ್ನೆ ನೀವು ಕೇಳಲೇಬೇಕು: "ಹಿಂದಿನ ಕೋ-ಆಪ್ ವಿದ್ಯಾರ್ಥಿ ಇಲ್ಲಿ ಏನು ಮಾಡಿದರು?" ತಡವರಿಸದೆ ಉತ್ತರ ಬಂದರೆ ಅಲ್ಲಿ ವಿದ್ಯಾರ್ಥಿಗೆ ಜಾಗ ಇದೆ. "ಎಲ್ಲದರಲ್ಲೂ ಸಹಾಯ ಮಾಡಬೇಕು" ಎಂಬ ಉತ್ತರ ಬಂದರೆ ಇನ್ನೂ ಎರಡು ಪ್ರಶ್ನೆ ಕೇಳಿ.

ಒಪ್ಪಿಗೆಯ ರೀತಿ ಕಾಲೇಜಿನಿಂದ ಕಾಲೇಜಿಗೆ ಬೇರೆ. ವಾಟರ್‌ಲೂನಲ್ಲಿ ಇಂಟರ್ವ್ಯೂ ಆದ ಮೇಲೆ ಕಂಪನಿಯವರು ವಿದ್ಯಾರ್ಥಿಗಳಿಗೆ ಕ್ರಮಾಂಕ ಕೊಡುತ್ತಾರೆ, ವಿದ್ಯಾರ್ಥಿಗಳು ಕಂಪನಿಗಳಿಗೆ ಕೊಡುತ್ತಾರೆ, ಎರಡನ್ನೂ ಹೊಂದಿಸಿ ಕೆಲಸ ಹಂಚುತ್ತಾರೆ. ಬೇರೆ ಕಡೆ ನೇರವಾಗಿ ಆಫರ್ ಬರುತ್ತದೆ, ಉತ್ತರಿಸಲು ಕೆಲವೇ ದಿನ ಇರುತ್ತದೆ. ಎಲ್ಲಿಯಾದರೂ ಸರಿ, ಒಮ್ಮೆ ಒಪ್ಪಿದ ಮೇಲೆ ಹಿಂದೆ ಸರಿಯಬೇಡಿ. ಹಲವು ಕಡೆ ಹಾಗೆ ಮಾಡಿದವರನ್ನು ಕೋ-ಆಪ್‌ನಿಂದಲೇ ಕೈಬಿಡುತ್ತಾರೆ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ: ಮುಂದಿನ ವರ್ಷ ಆ ಕಂಪನಿ ನಿಮ್ಮ ವಿಭಾಗದ ಕಡೆ ಬರದೇ ಇರಬಹುದು, ಆ ಬಾಗಿಲು ಮುಚ್ಚುವುದು ನಿಮ್ಮ ಜೂನಿಯರ್‌ಗೆ.

ಸಂಬಳ ಒಂದನ್ನೇ ನೋಡಿ ಆರಿಸಬೇಡಿ ಅಂತ ಹೇಳುವುದು ಸುಲಭ, ಸಾಲ ಇರುವವರಿಗೆ ಅದು ಸುಲಭವಲ್ಲ ಎಂದು ನನಗೆ ಗೊತ್ತು. ಲೆಕ್ಕ ಹಾಕುವಾಗ ಸಂಬಳದಿಂದ ಕೋ-ಆಪ್ ಫೀ, ಬೇರೆ ಊರಾದರೆ ಎರಡು ಕಡೆಯ ಬಾಡಿಗೆ, ಓಡಾಟ, ತೆರಿಗೆ ಕಳೆದು ನೋಡಿ. ಬಾಡಿಗೆ ಒಪ್ಪಂದ ವರ್ಷದ್ದಾಗಿದ್ದರೆ ನಾಲ್ಕು ತಿಂಗಳಿಗೆ ಬೇರೆಯವರಿಗೆ ಬಿಟ್ಟುಕೊಡಬಹುದಾ ಅಂತ ಮನೆ ಮಾಲೀಕರನ್ನು ಮೊದಲೇ ಕೇಳಿ. ಹೀಗೆ ಕಳೆದು ನೋಡಿದಾಗ ಕಡಿಮೆ ಸಂಬಳದ, ಹತ್ತಿರದ ಕೆಲಸದಲ್ಲೇ ಕೈಗೆ ಜಾಸ್ತಿ ಉಳಿಯುವುದು ಅಪರೂಪವೇನಲ್ಲ.

ಕೆಲಸ ಶುರುವಾದ ಮೇಲೆ

ಮೊದಲ ವಾರ ಲ್ಯಾಪ್‌ಟಾಪು, ಪಾಸ್‌ವರ್ಡು, ಅನುಮತಿಗಳಿಗೆ ಕಾಯುವುದರಲ್ಲಿ ಹೋಗುತ್ತದೆ. ಸುಮ್ನೆ ಕಾಯಬೇಡಿ. ಹಿಂದಿನವರು ಬರೆದಿಟ್ಟ ದಾಖಲೆ ಕೇಳಿ ಓದಿ, ಮೀಟಿಂಗ್‌ಗಳಲ್ಲಿ ಕೂರುತ್ತೇನೆ ಎನ್ನಿ.

ಎರಡನೇ ವಾರದೊಳಗೆ ಸೂಪರ್‌ವೈಸರ್ ಜೊತೆ ಕೂತು ಮೂರು ಗುರಿ ಬರೆದುಕೊಳ್ಳಿ. ಕಾಲೇಜು ಹೇಗೂ ಇದನ್ನು ಕೇಳುತ್ತದೆ. "ಸಂವಹನ ಕೌಶಲ ಬೆಳೆಸಿಕೊಳ್ಳುವುದು" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. "ಜುಲೈ ಒಳಗೆ ತಂಡದ ಮುಂದೆ ಎರಡು ಸಲ ನನ್ನ ಫಲಿತಾಂಶ ಹೇಳುವುದು" ಎಂದು ಬರೆಯಿರಿ. ಆಯಿತೋ ಇಲ್ಲವೋ ಅಂತ ಕೊನೆಗೆ ಇಬ್ಬರಿಗೂ ಕಾಣುವಂತಿರಬೇಕು.

ಇನ್ನು ನಾನು ತುಂಬ ನಂಬುವ ಒಂದು ಅಭ್ಯಾಸ. ಪ್ರತಿ ಶುಕ್ರವಾರ ಹೊರಡುವ ಮೊದಲು ಹತ್ತು ನಿಮಿಷ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ನನ್ನ ಐದನೇ ವಾರದ ಪುಟ ಹೀಗಿದೆ: "ಸೆನ್ಸರ್ ಮೂರರ ರೀಡಿಂಗ್ ಬೆಳಿಗ್ಗೆ ಮಾತ್ರ ಜಾಸ್ತಿ. ನನ್ನ ಕೋಡ್ ತಪ್ಪು ಅಂತ ಎರಡು ದಿನ ಹುಡುಕಿದೆ. ಕೊನೆಗೆ ಟೆಕ್ನಿಷಿಯನ್ ಹತ್ತಿರ ಕೇಳಿದೆ, ಬೆಳಿಗ್ಗೆ ಆ ಕಿಟಕಿಯಿಂದ ಬಿಸಿಲು ಬೀಳುತ್ತದೆ ಅಂದರು. ಮುಂದಿನ ಸಲ ಮೊದಲ ದಿನವೇ ಕೇಳಬೇಕು." ನಾಲ್ಕೈದು ಸಾಲು. ವರದಿ ಬರೆಯುವಾಗ, ಮುಂದಿನ ಇಂಟರ್ವ್ಯೂನಲ್ಲಿ "ಒಂದು ಕಷ್ಟದ ಸಂದರ್ಭ ಹೇಳಿ" ಎಂದಾಗ, ನನ್ನ ಬಳಿ ಹದಿನಾರು ಪುಟ ಇದ್ದವು. ಕಂಪನಿಯ ಗುಟ್ಟು, ಗ್ರಾಹಕರ ಹೆಸರು ಮಾತ್ರ ಅದರಲ್ಲಿ ಬರೆಯಬೇಡಿ.

ಕಂಪನಿಯ ಕೆಲಸವನ್ನೇ ಥೀಸಿಸ್ ಮಾಡಬಹುದಾ?

ಮಾಡಬಹುದು, ಮಾಡಿದವರು ಬಹಳ ಜನ ಇದ್ದಾರೆ. ಆದರೆ ಸೇರುವಾಗ ನೀವು ಸಹಿ ಹಾಕಿದ ಗೋಪ್ಯತೆಯ ಒಪ್ಪಂದ ಒಮ್ಮೆ ತೆಗೆದು ಓದಿ. ಕೆಲಸದ ಅವಧಿಯಲ್ಲಿ ಬರೆದ ಕೋಡು, ಸಂಗ್ರಹಿಸಿದ ಡೇಟಾ ಸಾಮಾನ್ಯವಾಗಿ ಕಂಪನಿಯ ಸೊತ್ತು. ಥೀಸಿಸ್ ಎಲ್ಲರೂ ಓದುವಂತೆ ಲೈಬ್ರರಿಗೆ ಹೋಗುತ್ತದೆ. ಈ ಎರಡೂ ಒಂದಕ್ಕೊಂದು ಎದುರು. ಹಾಗಾಗಿ ಮೂರು ಜನ, ಅಂದರೆ ನೀವು, ಗೈಡ್, ಕಂಪನಿಯ ಸೂಪರ್‌ವೈಸರ್, ಮೊದಲ ತಿಂಗಳಲ್ಲೇ ಕೂತು ಏನನ್ನು ಪ್ರಕಟಿಸಬಹುದು, ಪ್ರಕಟಿಸುವ ಮುಂಚೆ ಕಂಪನಿಗೆ ತೋರಿಸಬೇಕಾ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತಾರೆ ಎಂದು ಮಾತಾಡಿ. ಆಮೇಲೆ ಅದನ್ನು ಮೇಲ್‌ನಲ್ಲಿ ಬರೆದು ಮೂವರಿಗೂ ಕಳಿಸಿ, ಅವರಿಂದ ಸರಿ ಅಂತ ಉತ್ತರ ತೆಗೆದುಕೊಳ್ಳಿ. ವಿಶ್ವವಿದ್ಯಾಲಯದವರು ಔಪಚಾರಿಕ ಒಪ್ಪಂದ ಬೇಕು ಎಂದರೆ ಅದಕ್ಕೆ ವಾರಗಳು ಹಿಡಿಯುತ್ತವೆ, ಮೊದಲೇ ಶುರುಮಾಡಿ. ಮನುಷ್ಯರ ಮೇಲೆ ಅಧ್ಯಯನ ಅಥವಾ ರೋಗಿಗಳ ದಾಖಲೆ ಇದ್ದರೆ ನೈತಿಕ ಸಮಿತಿಯ ಅನುಮತಿಯೂ ಬೇಕಾಗುತ್ತದೆ, ಅದೂ ಡೇಟಾ ಮುಟ್ಟುವ ಮುಂಚೆ.

ಸರಿಹೋಗದಿದ್ದರೆ

ಕೆಲಸವೇ ಕೊಡುತ್ತಿಲ್ಲ. ಹೇಳಿದ್ದೊಂದು, ಮಾಡಿಸುವುದೊಂದು. ಸಂಬಳ ತಡ. ಯಾರೋ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ. ಇಂಥದ್ದು ಆಗುತ್ತದೆ, ಅದು ನಿಮ್ಮ ತಪ್ಪಲ್ಲ.

ಕೆಲಸ ಕಡಿಮೆ ಅನ್ನುವುದಾದರೆ ಮೊದಲು ಸೂಪರ್‌ವೈಸರ್ ಹತ್ತಿರ ಹೇಳಿ: "ಈ ವಾರ ನನ್ನ ಹತ್ತಿರ ಸಮಯ ಇದೆ, ಈ ಎರಡರಲ್ಲಿ ಯಾವುದು ಹಿಡಿಯಲಿ?" ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಬೆದರಿಕೆ, ಕಿರುಕುಳ, ಸುರಕ್ಷತೆಯ ವಿಷಯವಾದರೆ ಯಾರಿಗೂ ಕಾಯಬೇಡಿ, ಅದೇ ದಿನ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ದಿನಾಂಕ, ಸಮಯ, ಏನಾಯಿತು ಎಂದು ಬರೆದಿಡಿ. ಅಲ್ಲಿ ನಿಲ್ಲುವುದು ಅಪಾಯ ಎನಿಸಿದರೆ ಮೊದಲು ಅಲ್ಲಿಂದ ಹೊರಗೆ ಬನ್ನಿ. ಉಳಿದ ಸಮಸ್ಯೆಗಳಲ್ಲಿ ಮಾತ್ರ ಕೋಆರ್ಡಿನೇಟರ್‌ಗೆ ಹೇಳದೆ ರಾಜೀನಾಮೆ ಕೊಡಬೇಡಿ. ಕ್ರೆಡಿಟ್ ಹೋಗಬಹುದು, ವೀಸಾದವರಿಗೆ ಕೆಲಸದ ಅನುಮತಿಯ ಪ್ರಶ್ನೆಯೂ ಏಳುತ್ತದೆ. ಅವರಿಗೆ ತಿಳಿಸಿದರೆ ಬೇರೆ ದಾರಿ ಇರುತ್ತದೆ. ಅವರ ಕೆಲಸವೇ ಅದು, ತೊಂದರೆ ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ.

ಕೆಲಸವೇ ಸಿಗಲಿಲ್ಲ ಎಂದಾದರೆ? ಟರ್ಮ್ ಶುರುವಾಗುವ ಒಂದು ತಿಂಗಳ ಮುಂಚೆ ಕೋರ್ಸುಗಳಿಗೆ ಹೆಸರು ಹಾಕಿಕೊಂಡಿರಿ. ಕೆಲಸ ಬಂದರೆ ಬಿಡಬಹುದು, ಬರದಿದ್ದರೆ ಓದು ನಿಲ್ಲುವುದಿಲ್ಲ. ಕೋರ್ಸು ಬಿಡುವ ಕೊನೆಯ ದಿನ ಆ ದೊಡ್ಡ ಹಾಳೆಯಲ್ಲಿ ಇರಲಿ.

ಕೊನೆಯ ಎರಡು ವಾರ

ಸೂಪರ್‌ವೈಸರ್ ನಿಮ್ಮ ಮೌಲ್ಯಮಾಪನ ತುಂಬಬೇಕು. ಅವರು ರಜೆಯ ಮೇಲೆ ಹೋಗುವ ದಿನ ಯಾವುದು ಅಂತ ಈಗಲೇ ಕೇಳಿ. ಫಾರಂ ಕಳಿಸುವಾಗ ನೀವು ಮಾಡಿದ ಕೆಲಸದ ಒಂದು ಪುಟದ ಪಟ್ಟಿ ಜೊತೆಗಿಡಿ, ಅವರಿಗೆ ನೆನಪಿಸಿಕೊಳ್ಳಲು ಸುಲಭ. ಮುಂದೆ ಶಿಫಾರಸು ಪತ್ರ ಕೊಡುತ್ತೀರಾ ಅಂತ ಎದುರಿಗೆ ಕೂತಿರುವಾಗಲೇ ಕೇಳಿ, ಅವರ ಸ್ವಂತ ಮೇಲ್ ವಿಳಾಸ ಬರೆದುಕೊಳ್ಳಿ. ಜನ ಕಂಪನಿ ಬದಲಾಯಿಸುತ್ತಾರೆ, ಆಫೀಸಿನ ವಿಳಾಸ ಸತ್ತುಹೋಗುತ್ತದೆ.

ನಿಮ್ಮ ಕೆಲಸವನ್ನು ಮುಂದೆ ಬರುವವರಿಗಾಗಿ ಬರೆದಿಡಿ. ಕೋಡ್ ಎಲ್ಲಿದೆ, ಹೇಗೆ ಓಡಿಸಬೇಕು, ಯಾವುದು ಅರ್ಧಕ್ಕೆ ನಿಂತಿದೆ, ನೀವು ಪ್ರಯತ್ನಿಸಿ ಕೈಬಿಟ್ಟದ್ದು ಯಾವುದು, ಏಕೆ. ಆಮೇಲೆ ತಂಡದಲ್ಲಿ ಅದನ್ನು ನೋಡಿರದ ಒಬ್ಬರನ್ನು ಕೂರಿಸಿ, ನೀವು ಬಾಯಿ ಬಿಡದೆ, ಆ ಬರಹ ಒಂದನ್ನೇ ನೋಡಿಕೊಂಡು ಓಡಿಸಲು ಹೇಳಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿ. ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಹಿಂದಿರುಗಿಸಿ ರಸೀದಿ ತೆಗೆದುಕೊಳ್ಳಿ, ಕೊನೆಯ ಸಂಬಳದ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕಾಲೇಜಿನ ವರದಿಯನ್ನು ಹೊಸ ಟರ್ಮ್‌ನ ಕ್ಲಾಸು ಶುರುವಾಗುವ ಮೊದಲೇ ಕಳಿಸಿಬಿಡಿ.